ಹೂಂ ಅತ್ತೆ ಸುಟ್ಟ ಕೋಟು

ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ನಾಲ್ಕು ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಜ್ವರ ಬಂದವರು ಅಲ್ಲಿ ಬಾಯಿ ತೆರೆಯುವುದು ಥರ್ಮಾಮೀಟರ್ ಇಟ್ಟುಕೊಳ್ಳುವುದಕ್ಕೆ ಮಾತ್ರ. ಎಲ್ಲಿ ನೋವು, ಯಾವಾಗಿನಿಂದ ನೋವು, ನಿದ್ದೆ ಬಂತೋ ಇಲ್ಲವೋ ಎಂಬುದನ್ನೆಲ್ಲ ಅಪ್ಪ ಹೇಳುತ್ತಾರೆ. ಅಪ್ಪ ಮರೆತದ್ದನ್ನು ಅಮ್ಮ ಹೇಳುತ್ತಾಳೆ, ಇಬ್ಬರೂ ಮರೆತದ್ದನ್ನು ಚಿಕ್ಕಪ್ಪ ಹುಟ್ಟಿಸಿಕೊಂಡು ಹೇಳುತ್ತಾನೆ. ಇದಕ್ಕೆ ನಮ್ಮಲ್ಲಿ ಪ್ರೀತಿ ಎಂದು ಹೆಸರು. ಈ ಪ್ರೀತಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಎಂದು ಹೇಳಬೇಕಾದರೆ ನನ್ನ ಅತ್ತೆಯ ಕತೆ ಹೇಳಬೇಕು.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಊಟ ಮಾಡ್ತೀಯಾ ಅಂದರೆ ಹೂಂ, ಸಾಕಾ ಅಂದರೆ ಹೂಂ, ಇನ್ನೂ ಬಡಿಸಲಾ ಅಂದರೆ ಅದಕ್ಕೂ ಹೂಂ. ನೆಂಟರಿಷ್ಟರಲ್ಲಿ ಅವಳ ನಿಜವಾದ ಹೆಸರು ಮರೆತೇಹೋಗಿ ಹೂಂ ಅತ್ತೆ ಎಂಬುದೇ ಉಳಿಯಿತು. ಅವರ ಅಪ್ಪ ಬೇಗ ತೀರಿಕೊಂಡದ್ದರಿಂದ ಯಜಮಾನಿಕೆ ಚಿಕ್ಕ ವಯಸ್ಸಿಗೇ ನಮ್ಮಪ್ಪನ ಹೆಗಲೇರಿತ್ತು, ಏರಿದ್ದು ಮತ್ತೆ ಇಳಿಯಲಿಲ್ಲ. ತಂಗಿಯ ಓದು ಎಲ್ಲಿಗೆ ನಿಲ್ಲಬೇಕು, ಅವಳು ಯಾವ ಕೆಲಸಕ್ಕೆ ಸೇರಬೇಕು, ಜಡೆ ಎಷ್ಟುದ್ದ ಇರಬೇಕು ಎಂಬುದನ್ನು ಅಪ್ಪ ಹೇಳಿದರು, ಅವಳು ಹೂಂ ಎಂದಳು. "ತಾಳಿದವನು ಬಾಳಿಯಾನು" ಎಂಬ ಗಾದೆ ಅಪ್ಪನ ಬಾಯಲ್ಲಿ ದಿನಕ್ಕೊಂದು ಸಲವಾದರೂ ಬರುತ್ತದೆ. ತಾಳುವವಳು ಯಾವಾಗಲೂ ಅತ್ತೆ, ಬಾಳುವವರು ಮಿಕ್ಕವರು.

ಅವಳು ಸೇರಿದ್ದು ದೊಡ್ಡ ರಸ್ತೆಯ ಡ್ರೈಕ್ಲೀನಿಂಗ್ ಅಂಗಡಿಗೆ. ಮುಂದೆ ಕೌಂಟರು, ಅದರ ಹಿಂದೆ ಎದೆಮಟ್ಟದ ಗೋಡೆ, ಗೋಡೆಯ ಆಚೆ ಇಸ್ತ್ರಿಯ ಮೇಜುಗಳು. ಕೌಂಟರಿನಲ್ಲಿ ಯಾರು ಏನು ಮಾತಾಡಿದರೂ ಹಬೆಯ ನಡುವೆ ನಿಂತವರಿಗೆ ಚೆನ್ನಾಗಿ ಕೇಳಿಸುತ್ತದೆ. ಕೋಟು, ಜಾಕೆಟ್ಟುಗಳೆಲ್ಲ ಅತ್ತೆಯ ಮೇಜಿಗೇ ಬರುತ್ತಿದ್ದವು. ಮೊದಲು ತೋಳು, ಆಮೇಲೆ ಕಾಲರು, ಕೊನೆಗೆ ಬೆನ್ನು. ಉಣ್ಣೆಯ ಬಟ್ಟೆಗೆ ಕಾದ ಇಸ್ತ್ರಿಪೆಟ್ಟಿಗೆ ನೇರವಾಗಿ ತಾಗಬಾರದು, ನಡುವೆ ಒಂದು ಒದ್ದೆ ಬಟ್ಟೆ ಹಾಸಲೇಬೇಕು. ಚಿಕ್ಕವಳಿದ್ದಾಗ ನಾನು ಅವಳ ಮೇಜಿನ ಕೆಳಗೆ ಕೂತು ಆಡುತ್ತಿದ್ದುದರಿಂದ ನನಗೂ ಇದು ಗೊತ್ತು.

ಅದೇ ಅಂಗಡಿಯ ವ್ಯಾನ್ ಓಡಿಸುತ್ತಿದ್ದವನನ್ನು ಅವಳು ಮದುವೆಯಾದಳು. ಮಾವ ಬಾಯಿಬಡುಕ. ಬೆಳಿಗ್ಗೆ ವ್ಯಾನಿಗಿಂತ ಮೊದಲು ಅವನ ಬಾಯಿ ಸ್ಟಾರ್ಟ್ ಆಗುತ್ತಿತ್ತು. ಆದರೆ ಅವಳನ್ನು ಏನಾದರೂ ಕೇಳಿದರೆ ಮಾತ್ರ ಸುಮ್ಮನಾಗಿ ಕಾಯುತ್ತಿದ್ದ. "ಕಿಟಕಿ ಪರದೆಗೆ ಹಸಿರು ತರಲೋ ನೀಲಿ ತರಲೋ" ಎಂದು ಕೇಳಿ, ಅವಳು ಹೂಂ ಎಂದರೆ, "ಹೂಂ ಅನ್ನೋ ಬಣ್ಣ ಅಂಗಡಿಯಲ್ಲಿ ಸಿಗಲ್ಲ, ಬೇರೆ ಹೇಳು" ಎಂದು ಮತ್ತೆ ಕಾಯುತ್ತಿದ್ದ. ಅವಳು ಕೊನೆಗೆ ನಕ್ಕು ನೀಲಿ ಎನ್ನುತ್ತಿದ್ದಳು. ಅವರ ಆ ಎರಡು ಕೋಣೆಯ ಮನೆಯಲ್ಲಿ ಅತ್ತೆ ಹಾಡು ಗುನುಗುತ್ತಾಳೆ, ಜಗಳವನ್ನೂ ಆಡುತ್ತಾಳೆ ಎಂದು ನಾನು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಮಾವನಿಗೆ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಅವನು ಎದ್ದು ಬರಲಿಲ್ಲ. ಅವನು ಹೋದ ದಿನದ ಕತೆಯನ್ನು ನಾನು ಹೇಳಬೇಕಾಗಿಲ್ಲ, ಅಪ್ಪ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದಾರೆ. ಮದುವೆಮನೆಯಲ್ಲಿ ಹೇಳಿದ್ದಾರೆ, ಕ್ಷೌರದಂಗಡಿಯಲ್ಲಿ ಹೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾರೆ. "ಡಾಕ್ಟ್ರು ಹೊರಗೆ ಬಂದು, ಹೆಂಡತಿ ಯಾರು, ಒಳಗೆ ಬಂದು ಕೂತ್ಕೊಳ್ತಾರಾ, ಇನ್ನು ಹೆಚ್ಚು ಹೊತ್ತಿಲ್ಲ ಅಂದ್ರು. ನಾನು ತಟ್ಟನೆ ಎದ್ದೆ. ಬೇಡ ಡಾಕ್ಟ್ರೇ, ತಂಗಿ ತಡ್ಕೊಳ್ಳಲ್ಲ ಅಂದೆ. ಅವತ್ತು ನಾನಿಲ್ಲದೇ ಇದ್ದಿದ್ರೆ ಇವಳ ಗತಿ ಏನಾಗ್ತಿತ್ತು ಹೇಳಿ." ಕೇಳಿದವರು, ಅಣ್ಣ ಅಂದರೆ ಹೀಗಿರಬೇಕು ಎಂದು ತಲೆಯಾಡಿಸುತ್ತಿದ್ದರು. ಅತ್ತೆ ಅಲ್ಲೇ ಇದ್ದರೆ ಹೂಂ ಎನ್ನುತ್ತಿದ್ದಳು. ಆಮೇಲೆ ಅಪ್ಪ ಆ ಎರಡು ಕೋಣೆಯ ಮನೆಯನ್ನು ಖಾಲಿ ಮಾಡಿಸಿ ಅವಳನ್ನು ನಮ್ಮ ಹಿಂದಿನ ಕೋಣೆಗೆ ಕರೆತಂದರು. ನೀಲಿ ಪರದೆಗಳನ್ನು ಅಮ್ಮ ನೆಲ ಒರೆಸಲು ತೆಗೆದುಕೊಂಡಳು.

ಇನ್ನು ಕೋಟಿನ ವಿಷಯ. ಅಪ್ಪನ ಹತ್ತಿರ ಒಂದೇ ಒಂದು ಉಣ್ಣೆಯ ಕೋಟಿತ್ತು, ಬೂದು ಬಣ್ಣದ್ದು. ಗೆಳೆಯರೊಬ್ಬರ ಮಗಳ ಮದುವೆಗೆ ಹಾಕಿಕೊಳ್ಳಬೇಕೆಂದು ಅದನ್ನು ಅತ್ತೆಯ ಅಂಗಡಿಗೆ ಒಯ್ದರು. ಇಸ್ತ್ರಿ ಆಗುವ ತನಕ ಕೌಂಟರಿನಲ್ಲೇ ನಿಂತು ಮಾಲೀಕರ ಜೊತೆ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುಟ್ಟ ಕೂದಲಿನ ವಾಸನೆ ಬಂತು. ಹೋಗಿ ನೋಡಿದರೆ ಕೋಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಕೂತಿದೆ, ಹೊಗೆ ಏಳುತ್ತಿದೆ, ಅತ್ತೆ ಕೈಕಟ್ಟಿ ನಿಂತು ನೋಡುತ್ತಿದ್ದಾಳೆ. ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ, ಹೂಂ ಎಂದು ಕೂಡ ಅನ್ನಲಿಲ್ಲ. ತಲೆಸುತ್ತು ಬಂದಿರಬೇಕು ಎಂದು ಅಪ್ಪ ಹೇಳಿದರು, ಎಲ್ಲರೂ ಒಪ್ಪಿದರು. ಆದರೆ ಪಕ್ಕದ ಮೇಜಿನ ಹೆಂಗಸು ನನಗೊಂದು ಮಾತು ಹೇಳಿದಳು. ಒದ್ದೆ ಬಟ್ಟೆಯನ್ನು ಅತ್ತೆ ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಿದ್ದಳಂತೆ. ತಲೆಸುತ್ತು ಬಂದವರು ಬಟ್ಟೆ ಮಡಿಸಿಡುವುದಿಲ್ಲ.

ಮಾಲೀಕರು ಅವಳನ್ನು ರಜೆಯ ಮೇಲೆ ಮನೆಗೆ ಕಳಿಸಿದರು. ನಮ್ಮ ಡಾಕ್ಟರು ನಾಡಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ದೇಹದಲ್ಲಿ ಏನೂ ತೊಂದರೆಯಿಲ್ಲ, ಒಬ್ಬ ಒಳ್ಳೆಯ ಥೆರಪಿಸ್ಟ್ ಇದ್ದಾರೆ, ಅವರ ಹತ್ತಿರ ಕೂತು ಮಾತಾಡಲಿ ಎಂದರು. ಅಮ್ಮ ಮೊದಲು ಕೇಳಿದ್ದು, ಅಕ್ಕಪಕ್ಕದವರಿಗೆ ಏನು ಹೇಳುವುದು ಎಂದು. ಹಲ್ಲು ತೋರಿಸಲು ಹೋಗಿದ್ದಾಳೆ ಅಂತ ಹೇಳೋಣ ಎಂದು ಚಿಕ್ಕಪ್ಪ ಪರಿಹಾರ ಕೊಟ್ಟ. ಥೆರಪಿಸ್ಟ್‌ಗೆ ಅವನೇ ಮಾತಿನ ಡಾಕ್ಟ್ರು ಎಂದು ಹೆಸರಿಟ್ಟ. "ಹೂಂ ಅನ್ನೋರನ್ನ ಮಾತಿನ ಡಾಕ್ಟ್ರ ಹತ್ರ ಕಳಿಸೋದು, ಬೋಳುತಲೆಯವನಿಗೆ ಬಾಚಣಿಗೆ ಕೊಟ್ಟ ಹಾಗೆ" ಎಂದು ತನ್ನ ಮಾತಿಗೆ ತಾನೇ ನಕ್ಕ. ಅತ್ತೆ ಎದುರಿಗೇ ತರಕಾರಿ ಹೆಚ್ಚುತ್ತಿದ್ದಳು.

ಪದ್ಧತಿಯ ಪ್ರಕಾರ ಎಲ್ಲರೂ ಹೊರಟರು. ಬ್ರೆಡ್ ಕಾರ್ಖಾನೆಯಲ್ಲಿ ನನ್ನದು ಬೆಳಗಿನ ಪಾಳಿ, ಮಧ್ಯಾಹ್ನ ಬಿಡುವು, ನಾನೂ ಹೊರಟೆ. ಅದೊಂದು ಸಣ್ಣ ಕೋಣೆ. ಎರಡು ಮೆತ್ತನೆಯ ಕುರ್ಚಿ, ಒಂದು ಗಡಿಯಾರ, ಮೂಗೊರೆಸುವ ಕಾಗದದ ಡಬ್ಬಿ. ಕಿಟಕಿಯಾಚೆ ಯಾರದೋ ನೀರಿನ ಟ್ಯಾಂಕು. ಮಾತಿನ ಡಾಕ್ಟ್ರು ನಾವಂದುಕೊಂಡಷ್ಟು ವಯಸ್ಸಾದವರಲ್ಲ, ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ನುಗ್ಗಿದ್ದನ್ನು ನೋಡಿ ಅವರು ಹೊರಗಿನಿಂದ ಸ್ಟೂಲು ತರಿಸಿದರು. ಚಿಕ್ಕಪ್ಪ ಗೋಡೆಗೊರಗಿ ನಿಂತ. ಅಪ್ಪ ಅತ್ತೆಯ ಎದೆಯ ಹಳೆಯ ಎಕ್ಸ್‌ರೇ ತಂದಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ ಮೇಡಂ, ಹೃದಯ ಎಲ್ಲ ಚೆನ್ನಾಗಿದೆ" ಎಂದರು.

"ಇಲ್ಲಿಗೆ ಬರ್ಬೇಕು ಅಂತ ನಿಮಗೇ ಅನ್ನಿಸ್ತಾ?" ಎಂದು ಅವರು ಅತ್ತೆಯನ್ನು ಕೇಳಿದರು.

"ನಾವೇ ಕರ್ಕೊಂಡು ಬಂದ್ವಿ" ಎಂದರು ಅಪ್ಪ.

"ನಿದ್ದೆ ಬರ್ತಿದೆಯಾ?"

"ಮಲಗಿದ್ರೆ ಕಲ್ಲು ಮೇಡಂ" ಎಂದಳು ಅಮ್ಮ. ಗೋಡೆಯಾಚೆ ಅತ್ತೆಯ ಮಂಚ ಬೆಳಗಿನ ತನಕ ಕಿರುಗುಟ್ಟುವುದು ನನಗೆ ಗೊತ್ತು.

"ಊಟ?"

"ಕೊಟ್ಟಿದ್ದೆಲ್ಲ ತಿಂತಾಳೆ. ಕೊಡದೇ ಇದ್ರೂ ಸುಮ್ನಿರ್ತಾಳೆ" ಎಂದ ಚಿಕ್ಕಪ್ಪ.

ಆಮೇಲೆ ಅಪ್ಪ ಆಸ್ಪತ್ರೆಯ ಕತೆ ತೆಗೆದರು. ಡಾಕ್ಟ್ರು ಹೊರಗೆ ಬಂದದ್ದು, ತಾವು ತಟ್ಟನೆ ಎದ್ದದ್ದು, ತಂಗಿ ತಡ್ಕೊಳ್ಳಲ್ಲ ಎಂದದ್ದು, ಒಂದಕ್ಷರ ಬಿಡದೆ ಹೇಳಿದರು. ಮಾತಿನ ಡಾಕ್ಟ್ರು ಅತ್ತೆಯ ಕಡೆ ತಿರುಗಿ, "ನಿಮಗೂ ಹಾಗೇ ಅನ್ನಿಸ್ತಾ?" ಎಂದು ಕೇಳಿ ಕಾದರು. ಅತ್ತೆ ತುಟಿ ಅಲ್ಲಾಡಿಸುವಷ್ಟರಲ್ಲಿ ಅಪ್ಪ, "ಹೂಂ ಅಂದ್ಲು ನೋಡಿ" ಎಂದುಬಿಟ್ಟರು. ಅವಳು ಅಂದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಅವತ್ತು ಆ ಕೋಣೆಯಲ್ಲಿ ಡಾಕ್ಟರು ಬೇಕಾಗಿದ್ದುದು ಯಾರಿಗೆ ಎಂದು ನಾನು ಹಲ್ಲು ಕಚ್ಚಿಕೊಂಡು ಯೋಚಿಸುತ್ತಿದ್ದೆ.

"ಈಗ ನಾನು ಇವರ ಜೊತೆ ಮಾತ್ರ ಮಾತಾಡ್ತೀನಿ. ನೀವೆಲ್ಲ ಹೊರಗೆ ಕೂತಿರಿ" ಎಂದರು ಮಾತಿನ ಡಾಕ್ಟ್ರು.

"ನಾನಿಲ್ದಿದ್ರೆ ಅವಳು ಏನೂ ಹೇಳಲ್ಲ" ಎಂದರು ಅಪ್ಪ.

"ಪರವಾಗಿಲ್ಲ. ಹೇಳದೇನೂ ಕೂತಿರಬಹುದು."

ಹೊರಗೆ ಗೋಡೆಗೆ ತಾಗಿಸಿ ಒಂದು ಮರದ ಬೆಂಚಿತ್ತು. ಅಪ್ಪ ಅದರಲ್ಲಿ ಕೂರಲಿಲ್ಲ, ಮುಚ್ಚಿದ ಬಾಗಿಲ ಮುಂದೆ ಅತ್ತಿಂದಿತ್ತ ನಡೆದಾಡಿದರು. ಡಾಕ್ಟರೊಬ್ಬರು ತಮ್ಮನ್ನು ಬಾಗಿಲಾಚೆ ನಿಲ್ಲಿಸಿದ್ದು ಅವರ ಜನ್ಮದಲ್ಲಿ ಅದೇ ಮೊದಲು.

ವಾರಕ್ಕೊಂದು ಸಲ ಹೋಗಬೇಕು ಎಂದಾಯಿತು. ಮುಂದಿನ ವಾರದಿಂದ ನಾನೊಬ್ಬಳೇ ಜೊತೆಗೆ ಹೋದೆ. ಚಿಕಿತ್ಸೆ ಎಂದರೆ ಏನೋ ಮಂತ್ರ ಹಾಕಿದ ಹಾಗೆ, ಹೊರಗೆ ಬರುವಾಗ ಮುಖ ಹಗುರಾಗಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅತ್ತೆ ಬಂದದ್ದು ಉರಿಮುಖ ಮಾಡಿಕೊಂಡು. ರಸ್ತೆಯ ಕೊನೆಯ ತನಕ ದುಡುದುಡು ನಡೆದಳು. ಆಮೇಲೆ, "ಆ ಯಮ್ಮ ಏನೂ ಹೇಳಲ್ಲ ಕಣೆ" ಎಂದಳು. "ಹೀಗ್ಮಾಡು ಹಾಗ್ಮಾಡು ಅಂತ ಒಂದು ಮಾತಿಲ್ಲ. ಕೇಳ್ತಾಳೆ, ಕಾಯ್ತಾಳೆ. ನಾನು ಹೂಂ ಅಂದ್ರೆ, ಹೂಂ ಅಂದ್ರೆ ಯಾವ ಹೂಂ ಅಂತಾಳೆ. ಒಪ್ಪಿದ ಹೂಂನಾ, ಸಾಕು ಬಿಡಿ ಅನ್ನೋ ಹೂಂನಾ ಅಂತ. ನನಗೆ ಸಿಟ್ಟು ಬಂತು."

"ಸಿಟ್ಟು ಬಂತು ಅಂತ ಹೇಳಿದ್ಯಾ?"

"ಹೇಳಿದೆ. ಬರ್ಲಿ, ನನ್ನ ಮೇಲೂ ಬರ್ಬಹುದು, ಅದನ್ನ ಇಲ್ಲೇ ಹೇಳಿ ಅಂದ್ಲು. ಅದಕ್ಕೆ, ನಿಮ್ಮ ಕಾಲರಿಗೆ ಇಸ್ತ್ರಿ ಸರಿಯಾಗಿಲ್ಲ ಅಂದೆ." ಅತ್ತೆ ಒಂದು ಕ್ಷಣ ನಿಂತಳು. "ನಕ್ಕುಬಿಟ್ಲು."

ಹೀಗೆ ನಡೆಯುತ್ತ ನಡೆಯುತ್ತ ಅವಳು ಅಷ್ಟಿಷ್ಟು ಹೇಳತೊಡಗಿದಳು. ಒಳಗೆ ಆಡಿದ್ದು ಒಳಗೇ ಉಳಿಯುತ್ತದಂತೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೊರಗೆ ಹೇಳುತ್ತಾರಂತೆ. ಮೊದಮೊದಲು ವಾಸಿಯಾದ ಹಾಗಲ್ಲ, ಹೆಚ್ಚಾದ ಹಾಗೆ ಅನ್ನಿಸಬಹುದಂತೆ. ನಾನು ಒಗ್ಗದಿದ್ದರೆ ಬೇರೆಯವರ ಹೆಸರು ಕೊಡುತ್ತೇನೆ ಎಂದರಂತೆ. ಇದನ್ನು ಹೇಳುವಾಗ ಅತ್ತೆಗೆ ಆಶ್ಚರ್ಯ. ಬೇಡವಾದರೆ ಬಿಡಬಹುದು ಎಂದು ಅವಳಿಗೆ ಈ ತನಕ ಯಾರೂ ಹೇಳಿರಲಿಲ್ಲ.

ಹೆಚ್ಚಾದ ಹಾಗೆ ಅನ್ನಿಸುವುದು ಸುಳ್ಳಾಗಲಿಲ್ಲ. ಬಟ್ಟೆ ಮಡಿಸುತ್ತ ಅಳುತ್ತಿದ್ದಳು. ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಒಂದು ದಿನ ಅಮ್ಮ ನೆಲ ಒರೆಸುತ್ತಿದ್ದಾಗ ಆ ನೀಲಿ ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡು ಹೋಗಿ ತೊಳೆದು ತನ್ನ ಕೋಣೆಯಲ್ಲಿ ಒಣಹಾಕಿದಳು. "ಇದಕ್ಕೇನು ಬಂತು ಕೇಡು" ಎಂದು ಅಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ಮನೆಯ ಮೇಜಿನ ಸುತ್ತ ಗುಸುಗುಸು ಶುರುವಾಯಿತು. ಸುಮ್ಮನಿದ್ದವಳನ್ನು ಮಾತಿನ ಡಾಕ್ಟ್ರು ಕೆಡಿಸಿದರು, ತಲೆಗೆ ಏನೋ ತುಂಬಿದರು. ಸುಟ್ಟ ಕೋಟನ್ನು ಕಂಡಾಗ ಯಾರಿಗೂ ಆಗದ ಗಾಬರಿ ಅವಳು ಪಾತ್ರೆ ಕುಕ್ಕಿದಾಗ ಆಯಿತು. ಇವರಿಗೆ ಬೇಕಾಗಿದ್ದುದು ಅವಳು ಗುಣವಾಗುವುದಲ್ಲ, ಅವಳ ಹೂಂ. ರಿಪೇರಿಗೆ ಕೊಟ್ಟ ರೇಡಿಯೋ ಮೊದಲಿನ ಹಾಡನ್ನೇ ಹಾಡಬೇಕು ಎಂಬಂತೆ ಕಾದು ಕೂತಿದ್ದರು.

ಅಪ್ಪ ಮಾತಿನ ಡಾಕ್ಟ್ರಿಗೆ ಫೋನು ಹಚ್ಚಿದರು. ತಂಗಿ ಏನೇನು ಹೇಳುತ್ತಾಳೆ ಎಂದು ಕೇಳಿದರು. ಅದನ್ನು ನಾನು ಹೇಳುವ ಹಾಗಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. "ನಾನು ಅವಳ ಅಣ್ಣ ಕಣ್ರೀ" ಎಂದರು ಅಪ್ಪ. ಉತ್ತರ ಬದಲಾಗಲಿಲ್ಲ. ಫೋನಿಟ್ಟು ನನ್ನನ್ನು ಕರೆದು, "ನನ್ನ ಮೇಲೆ ಏನಾದ್ರೂ ಹೇಳ್ತಾಳಾ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎಂದು ಕೂಡ ಅಂದಿರಲಿಲ್ಲ.

ಆ ವಾರ ಮಾತಿನ ಡಾಕ್ಟ್ರ ಹತ್ತಿರದಿಂದ ಬರುತ್ತಾ ಅತ್ತೆ ತನ್ನ ಅಂಗಡಿಯ ಮುಂದೆ ನಿಂತಳು. ಗಾಜಿನಾಚೆ ಅವಳ ಮೇಜಿನಲ್ಲಿ ಬೇರೆ ಯಾರೋ ಅಂಗಿ ಉಜ್ಜುತ್ತಿದ್ದರು. "ಅವತ್ತು ಕೋಟಿನ ತೋಳು ಮುಗಿಸಿದ್ದೆ, ಕಾಲರು ಮುಗಿಸಿದ್ದೆ" ಎಂದಳು. "ಬೆನ್ನಿಗೆ ಬಂದೆ. ನಿಮ್ಮಪ್ಪ ಕೌಂಟರಿನಲ್ಲಿ ಮಾಲೀಕರಿಗೆ ಅದನ್ನೇ ಹೇಳ್ತಿದ್ದ. ತಟ್ಟನೆ ಎದ್ದೆ, ತಂಗಿ ತಡ್ಕೊಳ್ಳಲ್ಲ ಅಂದೆ. ಮಾಲೀಕ್ರು ಹೌದು ಹೌದು ಅಂತಿದ್ರು. ನಾನು ಒದ್ದೆ ಬಟ್ಟೆ ತೆಗೆದೆ." ಇಷ್ಟು ದಿನ ಕೋಟು ಸುಟ್ಟದ್ದರ ಬಗ್ಗೆ ಮಾತಾಡಿದವರಲ್ಲಿ ಒಬ್ಬರಾದರೂ, ಅದು ಸುಡುತ್ತಿದ್ದಾಗ ಆ ಅಂಗಡಿಯಲ್ಲಿ ಯಾರು ಏನು ಮಾತಾಡುತ್ತಿದ್ದರು ಎಂದು ಕೇಳಿರಲಿಲ್ಲ. ನಾನೂ ಸೇರಿ.

ಎರಡು ದಿನ ಕಳೆದು ಊಟಕ್ಕೆ ಕೂತಿದ್ದಾಗ ಅಪ್ಪ ತೀರ್ಪು ಕೊಟ್ಟರು. "ಇನ್ಮೇಲೆ ಅಲ್ಲಿಗೆ ಹೋಗೋದು ಬೇಡ. ಹೋಗಿ ಬಂದು ಅಳೋದಾದ್ರೆ ಅದೆಂಥ ಔಷಧಿ. ಅಂಗಡಿಯವರ ಹತ್ರ ನಾನು ಮಾತಾಡಿದೀನಿ, ಸೋಮವಾರದಿಂದ ಕೆಲಸಕ್ಕೆ ಹೋಗ್ಲಿ." ಅಮ್ಮನ ಕಡೆ ತಿರುಗಿ, "ಅವಳೂ ಹೂಂ ಅಂದ್ಲು" ಎಂದು ಸೇರಿಸಿದರು.

"ನಾನು ಹೂಂ ಅಂದಿಲ್ಲ" ಎಂದಳು ಅತ್ತೆ.

ಚಿಕ್ಕಪ್ಪನ ಕೈ ತುತ್ತಿನ ಸಮೇತ ಅರ್ಧಕ್ಕೆ ನಿಂತಿತು.

"ಸರಿ, ಅಂದಿಲ್ಲ. ಈಗ ಅನ್ನು" ಎಂದರು ಅಪ್ಪ.

"ಅವತ್ತು ಡಾಕ್ಟ್ರು ಕೇಳಿದ್ದು ನನ್ನನ್ನ ಅಣ್ಣ. ಹೆಂಡತಿ ಯಾರು ಅಂದ್ರು. ಹೆಂಡತಿ ನಾನು." ಅವಳ ದನಿ ಏರಲಿಲ್ಲ. "ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು. ಬೆಂಚಿನ ಮೇಲೆ ಕೂತ್ರೆ ಅವರ ಕೆಮ್ಮು ಕೇಳಿಸ್ತಿತ್ತು. ಆಮೇಲೆ ಕೇಳಿಸ್ಲಿಲ್ಲ. ಆ ಮನುಷ್ಯ ಜೀವಮಾನ ಪೂರ್ತಿ ನನ್ನ ಮಾತಿಗೆ ಕಾದ್ರು. ಕೊನೇಲೂ ಕಾದಿರ್ತಾರೆ."

"ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದರು ಅಪ್ಪ. "ನಿನ್ನ ಕೈಲಿ ಆಗ್ತಿರ್ಲಿಲ್ಲ."

"ಆಗ್ತಿತ್ತೋ ಇಲ್ವೋ ನನಗೆ ಇನ್ನು ಯಾವತ್ತೂ ಗೊತ್ತಾಗಲ್ಲ. ನೀನು ಅದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯ. ಇನ್ನೊಂದ್ಸಲ ಹೇಳಬೇಡ."

ಅಮ್ಮ, ಆದದ್ದು ಆಗಿಹೋಯಿತು, ಹೊಟ್ಟೆಗೆ ಹಾಕಿಕೋ ಎಂದಳು. ನನ್ನ ಹೊಟ್ಟೆ ತುಂಬಿದೆ ಅತ್ತಿಗೆ ಎಂದು ಹೇಳಿ ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಆಮೇಲೆ ತುಂಬ ಹೊತ್ತು ಮಾತಾಡಿದರು. ಸಾಕಿದ್ದು, ಮದುವೆ ಮಾಡಿದ್ದು, ಕೋಣೆ ಕೊಟ್ಟದ್ದು, ಎಲ್ಲ ಬಂತು. ಒಂದೇ ಒಂದು ಸಲ ಕೂಡ, ತಪ್ಪಾಯಿತೇನೋ ಎಂಬ ಮಾತು ಬರಲಿಲ್ಲ. ನನಗೆ ಎದ್ದು ಕಿರುಚಬೇಕೆನ್ನಿಸಿತು. ಆದರೆ ಅವಳ ಪರವಾಗಿ ನಾನೂ ಮಾತಾಡಿದರೆ ನನಗೂ ಅಪ್ಪನಿಗೂ ಏನು ವ್ಯತ್ಯಾಸ. ಸುಮ್ಮನೆ ಎದ್ದು ಹೋಗಿ ಅವಳ ಜೊತೆ ಪಾತ್ರೆ ಒರೆಸಿದೆ.

ಮುಂದಿನ ವಾರ ನಾವಿಬ್ಬರೂ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿಕೊಂಡರು. ಆ ಮಾತಿನ ಡಾಕ್ಟ್ರಿಗೆ ಇರುವ ವಿಷಯ ಇದ್ದ ಹಾಗೆ ತಿಳಿಸಿ ಇದನ್ನೊಂದು ಇತ್ಯರ್ಥ ಮಾಡಿಬಿಡುತ್ತೇನೆ ಎಂದರು. ಅತ್ತೆ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಅವರು ನಮಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ತಲುಪಿದ ಮೇಲೆ ಮುಂದಿನ ಮೇಜಿನ ಹುಡುಗಿಗೆ, ನಾನೂ ಒಳಗೆ ಹೋಗಬೇಕು ಎಂದು ಹೇಳಿ ಬೆಂಚಿನ ತುದಿಯಲ್ಲಿ ಕೂತರು, ಕರೆದ ತಕ್ಷಣ ಏಳುವುದಕ್ಕೆ ಅನುಕೂಲವಾಗುವಂತೆ.

ಬಾಗಿಲು ತೆರೆಯಿತು. ಮಾತಿನ ಡಾಕ್ಟ್ರ ನೆಗಡಿ ವಾಸಿಯಾಗಿತ್ತು, ಕಾಲರಿಗೆ ಇಸ್ತ್ರಿಯೂ ಬಿದ್ದಿತ್ತು. ಅವರು ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ಅಪ್ಪನನ್ನು. "ನೀವು ಒಳಗೆ ಬಂದು ಕೂತ್ಕೊಳ್ತೀರಾ ಸರ್?" ಎಂದು ಕೇಳಿದರು. "ಇವರಿಗೆ ಒಪ್ಪಿಗೆ ಇದ್ರೆ ಇವತ್ತು ಸ್ವಲ್ಪ ಹೊತ್ತು ಮೂವರೂ ಮಾತಾಡಬಹುದು."

ಅಪ್ಪ ತಟ್ಟನೆ ಎದ್ದರು. ಅಂಗಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

"ಬೇಡ ಮೇಡಂ" ಎಂದಳು. "ಅಣ್ಣ ತಡ್ಕೊಳ್ಳಲ್ಲ."

ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ಅಪ್ಪ ಅದನ್ನೇ ನೋಡುತ್ತ ನಿಂತಿದ್ದರು. ನಾನು ಬೆಂಚಿನ ಮೇಲೆ ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.